ಪಥ ತಪ್ಪಿದರೆ ಎಚ್ಚರಿಸುವ ಕಾರು

ಚಾಲಕನ ಅರಿವಿಲ್ಲದೆ ಕಾರು ತನ್ನ ಪಥ ಬಿಟ್ಟು ಸರಿದಾಗ ಎಚ್ಚರಿಸುವ ವ್ಯವಸ್ಥೆಗೆ ‘ಲೇನ್ ಡಿಪಾರ್ಚರ್ ವಾರ್ನಿಂಗ್’ ಎಂದು ಹೆಸರು. ಇದಿರುವ ಕಾರನ್ನು ಮೈಸೂರಿನ ಸಿದ್ಧಾರ್ಥನಗರದ ಒಳರಸ್ತೆಗಳಲ್ಲಿ ಎಷ್ಟು ಸುತ್ತಾಡಿಸಿದರೂ ಅದು ಸದ್ದು ಮಾಡದಿರಬಹುದು. ಕೆಟ್ಟಿದೆಯೆಂದು ತಿಳಿಯಬೇಡಿ. ಹಲವು ಕಾರುಗಳಲ್ಲಿ ಇದು ಕೆಲಸ ಆರಂಭಿಸುವುದೇ ಗಂಟೆಗೆ 60 ಕಿ.ಮೀ. ಆಸುಪಾಸಿನ ವೇಗದಲ್ಲಿ.

ಅದೇ ಕಾರು ರಿಂಗ್ ರಸ್ತೆ ಹಿಡಿದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಸೇರಿತೆನ್ನಿ. ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಪಥದ ಅಗಲ 3.5 ಮೀಟರ್, ಕಾರಿನದು 1.8 ಮೀಟರ್ ಎಂದುಕೊಂಡರೆ ಎರಡು ಬದಿಗೂ ಉಳಿಯುವುದು ತಲಾ 85 ಸೆಂ.ಮೀ. ನಸುಕಿನಲ್ಲಿ ಚಾಲಕ ತೂಕಡಿಸಿ ಕಾರಿನ ದಿಕ್ಕು ಒಂದೇ ಒಂದು ಡಿಗ್ರಿ ಬದಲಾದರೂ ಅದು ಸೆಕೆಂಡಿಗೆ ಸುಮಾರು 48 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಎರಡು ಸೆಕೆಂಡು ತುಂಬುವುದರೊಳಗೆ ಚಕ್ರ ಗೆರೆಯ ಮೇಲೆ! ಎಚ್ಚರಿಕೆ ಬರಬೇಕಾದದ್ದು ಈ ಅವಧಿಯೊಳಗೆ.

ಮುಂಗಾಜಿನ ಮೇಲ್ಭಾಗದಲ್ಲಿ, ಒಳಗಿನ ಕನ್ನಡಿಯ ಹಿಂದೆ, ಪುಟ್ಟ ಕ್ಯಾಮರಾ ಇರುತ್ತದೆ. ಅದು ಸೆಕೆಂಡಿಗೆ ಹಲವು ಬಾರಿ ರಸ್ತೆಯ ಚಿತ್ರ ತೆಗೆಯುತ್ತದೆ. ಕಪ್ಪು ಡಾಂಬರಿನಿಂದ ಬಿಳಿ ಬಣ್ಣಕ್ಕೆ ಹೊಳಪು ಥಟ್ಟನೆ ಏರುವ, ಮತ್ತೆ ಇಳಿಯುವ ಬಿಂದುಗಳನ್ನು ಗಣಕ ಹುಡುಕಿ, ಪೋಣಿಸಿ, ಗೆರೆಯನ್ನು ಗುರುತಿಸುತ್ತದೆ. ತುಂಡುಗೆರೆಗಳ ನಡುವಿನ ಖಾಲಿ ಜಾಗವನ್ನು ಹಿಂದಿನ ಚಿತ್ರಗಳ ನೆರವಿನಿಂದ ತುಂಬಿಕೊಳ್ಳುತ್ತದೆ. ಕ್ಯಾಮರಾದ ಎತ್ತರ, ಕೋನ ಮೊದಲೇ ಗೊತ್ತಿರುವುದರಿಂದ ಚಿತ್ರದಲ್ಲಿನ ಗೆರೆಯ ಸ್ಥಾನವನ್ನು ನೆಲದ ಮೇಲಿನ ಅಂತರವಾಗಿ ಬದಲಿಸಬಹುದು. (ಮುಂಗಾಜು ಬದಲಿಸಿದಾಗ ಕ್ಯಾಮರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕಾಗುವುದು ಇದಕ್ಕೇ.) ಅಂತರವನ್ನು ಪಕ್ಕಕ್ಕೆ ಸರಿಯುವ ವೇಗದಿಂದ ಭಾಗಿಸಿದರೆ ಗೆರೆ ಮುಟ್ಟಲು ಉಳಿದಿರುವ ಕಾಲ ಸಿಗುತ್ತದೆ. ಅದು ತೀರ ಕಡಿಮೆಯಾಗಿ, ಇಂಡಿಕೇಟರ್ ಕೂಡ ಉರಿಯದಿದ್ದರೆ ಬೀಪ್ ಸದ್ದು ಬರುತ್ತದೆ, ಇಲ್ಲವೆ ಸ್ಟಿಯರಿಂಗ್ ಅದುರುತ್ತದೆ. ಇಂಡಿಕೇಟರ್ ಹಾಕದೆ ಪಥ ಬದಲಿಸುವ ಅಭ್ಯಾಸದವರಿಗೆ ಕಾರು ದಾರಿಯುದ್ದಕ್ಕೂ ಗೊಣಗುತ್ತದೆ. ಅವರು ವ್ಯವಸ್ಥೆಯನ್ನೇ ಆರಿಸಿಬಿಟ್ಟರೆ ಅಭ್ಯಾಸವೂ ಉಳಿಯಿತು, ಅಪಾಯವೂ ಉಳಿಯಿತು.

2001ರಲ್ಲಿ ಜಪಾನಿನ ನಿಸಾನ್ ಸೀಮಾ ಕಾರಿನಲ್ಲಿ ಬಂದ ಈ ತಂತ್ರ, 2021ರಲ್ಲಿ ಬಿಡುಗಡೆಯಾದ ಮಹೀಂದ್ರ ಎಕ್ಸ್‌ಯುವಿ700ರಂಥ ಕಾರುಗಳ ಮೂಲಕ ನಮ್ಮ ರಸ್ತೆಗಳಿಗೂ ಇಳಿಯಿತು.

ಆದರೆ ಕ್ಯಾಮರಾ ನಂಬಿರುವುದು ರಸ್ತೆಯ ಬಣ್ಣವನ್ನು. ಹೆದ್ದಾರಿಯ ಬಿಳಿ ಗೆರೆಯಲ್ಲಿ ಸಣ್ಣ ಗಾಜಿನ ಮಣಿಗಳಿರುತ್ತವೆ. ಅವು ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವುದರಿಂದ ಇರುಳಿನಲ್ಲೂ ಗೆರೆ ಹೊಳೆಯುತ್ತದೆ. ಮಳೆ ಬಂದು ಮಣಿಗಳ ಮೇಲೆ ನೀರಿನ ಪದರ ನಿಂತರೆ ಬೆಳಕು ಕನ್ನಡಿಯ ಮೇಲೆ ಬಿದ್ದಂತೆ ಮುಂದಕ್ಕೆ ಜಾರಿಹೋಗುತ್ತದೆ. ಆಗ ನಿಮ್ಮ ಕಣ್ಣಿಗೂ ಕ್ಯಾಮರಾಕ್ಕೂ ಗೆರೆ ಒಟ್ಟಿಗೇ ಮಾಯ. ಅಂಥ ಹೊತ್ತಿನಲ್ಲಿ ಅನೇಕ ಕಾರುಗಳ ಡ್ಯಾಶ್‌ಬೋರ್ಡಿನ ಮೇಲಿನ ಪಥದ ಚಿಹ್ನೆ ಮಂಕಾಗುತ್ತದೆ. ಅದನ್ನು ಕಂಡೊಡನೆ ವೇಗ ಇಳಿಸಿ.