ಖಾಲಿ ಕುರ್ಚಿಯ ಖರ್ಚು

ಕೊರೊನಾ ಟೈಮಲ್ಲಿ ಹಲ್ಲಿನ ಡಾಕ್ಟರ ಖರ್ಚು ಜಾಸ್ತಿಯಾಗಿದ್ದು ಪಿಪಿಇ ಕಿಟ್‌ನಿಂದ ಅಂತಲೇ ನಾವು ಅಂದುಕೊಂಡಿದ್ವಿ. ಲೆಕ್ಕ ಹಾಕಿದ್ರೆ ದೊಡ್ಡ ಖರ್ಚು ಬೇರೆಯೇ ಇದೆ: ಖಾಲಿ ಕುರ್ಚಿ.

ಹಲ್ಲು ಕೊರೆಯುವ ಡ್ರಿಲ್ ಬಿಸಿಯಾಗಬಾರದು ಅಂತ ನೀರು ಚಿಮ್ಮಿಸ್ತಾರೆ. ಎಂಜಲು ಬೆರೆತ ಸಣ್ಣ ಹನಿಗಳು ಗಾಳಿಯಲ್ಲೇ ತೇಲುತ್ತವೆ. ಅವು ಹೋಗುವ ತನಕ ಆಗ ಮುಂದಿನ ರೋಗಿಯನ್ನು ಕೂರಿಸುವಂತಿರಲಿಲ್ಲ. ಎಷ್ಟು ಹೊತ್ತು? ನಮ್ಮ ಮ್ಯಾಥ್ಸ್‌ನ ಎಕ್ಸ್‌ಪೊನೆನ್ಷಿಯಲ್ ಡಿಕೇ ಇಲ್ಲಿ ಕೆಲಸಕ್ಕೆ ಬರುತ್ತೆ (ಕೊನೆಗೂ!). ಗಂಟೆಗೆ 6 ಸಲ ರೂಮಿನ ಗಾಳಿ ಬದಲಾದರೆ 99% ಕಣಗಳು ಹೋಗಲು 46 ನಿಮಿಷ ಬೇಕು. 100ರ ನ್ಯಾಚುರಲ್ ಲಾಗ್ 4.6, ಅದನ್ನು 6ರಿಂದ ಭಾಗಿಸಿ ನೋಡಿ. 12 ಸಲ ಬದಲಾದರೆ 23 ನಿಮಿಷ.

ಒಂದೇ ಕುರ್ಚಿ, ದಿನಕ್ಕೆ 6 ಗಂಟೆ, ಒಬ್ಬರಿಗೆ 20 ನಿಮಿಷ ಅಂತಿಟ್ಕೊಳ್ಳಿ. ಕಾಯದೇ ಇದ್ದರೆ 18 ಜನ. 46 ನಿಮಿಷ ಕಾದರೆ 6 ಜನ. ಬಾಡಿಗೆ, ನರ್ಸ್ ಸಂಬಳ, ಕುರ್ಚಿಯ ಇಎಂಐ ಏನೂ ಇಳಿಯಲ್ಲ, ಹಾಗಾಗಿ ತಲಾ ಹೊರೆ 3 ಪಟ್ಟು. ಉಳಿದ 12 ಜನ ಕೆನ್ನೆ ಹಿಡ್ಕೊಂಡು ಮನೆಯಲ್ಲಿ. ಅವರ ನೋವು ಯಾವ ಬಿಲ್ಲಲ್ಲೂ ಬರಲ್ಲ.

ಫ್ಯಾನ್ ಜೋರು ಮಾಡಿದ್ರಾಯ್ತಲ್ಲ? ಮೆಕ್ಯಾನಿಕಲ್‌ನವರು ತಕ್ಷಣ ತಡೀತಾರೆ: ಅದೇ ಡಕ್ಟ್‌ನಲ್ಲಿ ಗಾಳಿ ದುಪ್ಪಟ್ಟಾದರೆ ಪವರ್ ಸುಮಾರು 8 ಪಟ್ಟು. ನಿಜ. ಆದರೆ 40 ವ್ಯಾಟ್ 320 ಆದರೂ 6 ಗಂಟೆಗೆ ಸುಮಾರು 2 ಯೂನಿಟ್ ಅಷ್ಟೇ. ಬದಲಿಗೆ ದಿನಕ್ಕೆ 6ರ ಜಾಗದಲ್ಲಿ 8 ಜನ. ನಾವಾಗಿದ್ರೆ ದುಡ್ಡನ್ನು ಮೊದಲು ಫ್ಯಾನಿಗೇ ಹಾಕ್ತಿದ್ವಿ. ಕಿಟಕಿ ಇರುವ ಕ್ಲಿನಿಕ್ ಆದರೆ, ಹೊರಗೆ ಗಾಳಿ ಬೀಸುವ ದಿನ, ಅದೂ ಬೇಡ.