ಸ್ವಲೀನ ಮಕ್ಕಳೂ ಶಾಲೆಯ ಕೂಡಾಟವೂ

ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು, ಅಂದರೆ ಆಟಿಸಂ ಎಂಬ ಸ್ಥಿತಿಯನ್ನು, ತನ್ನ ಪರಿಧಿಯಲ್ಲಿ ಸೇರಿಸಿಕೊಂಡಿದೆ. ಪಾಠದೊಡನೆ ಆಟವಿನೋದಗಳಲ್ಲಿಯೂ ಸಮಾನಾವಕಾಶವಿರಬೇಕೆಂದು ವಿಧಿಸಿದೆ. ಆದರೆ ಆಟದ ಬಯಲಿಗೆ ಕರೆದೊಯ್ದ ಮಾತ್ರಕ್ಕೆ ಮಗುವು ಆಟದಲ್ಲಿ ಸೇರಿದಂತಾಗುವುದಿಲ್ಲ. ಕೂಡಾಟಕ್ಕೆ ಬರೆದಿಡದ ನಿಯಮಗಳು ಹಲವುಂಟು. ಸರದಿ ಯಾರದು, ಹಾಸ್ಯ ಯಾವುದು, ಮುನಿಸು ಯಾವುದು ಎಂಬುದನ್ನು ಬಹುಪಾಲು ಮಕ್ಕಳು ಮುಖಭಾವದಿಂದಲೇ ಅರಿಯುವರು. ಸ್ವಲೀನ ಮಗುವಿಗೆ ಈ ಇಂಗಿತಗಳು ಸುಲಭವಾಗಿ ಗೋಚರವಾಗದಿರಬಹುದು, ಗದ್ದಲವೂ ಬಾಧಿಸಬಹುದು. ಆಗ ಅದು ಅಂಚಿನಲ್ಲಿಯೇ ಉಳಿಯುವುದು; ನಾವು ಅದಕ್ಕೆ ಜತೆಯೇ ಬೇಡವೆಂದು ತೀರ್ಮಾನಿಸಿಬಿಡುವೆವು.

ಈ ತೀರ್ಮಾನ ವಿಚಾರಾರ್ಹವಾದುದು. 1943ರಲ್ಲಿ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಒಂಟಿತನವನ್ನು ಮುಖ್ಯ ಲಕ್ಷಣವೆಂದು ಗಣಿಸಿದರು. ಸ್ವತಃ ಸ್ವಲೀನರಾದ ಆಂಗ್ಲ ವಿದ್ವಾಂಸ ಡೇಮಿಯನ್ ಮಿಲ್ಟನ್ ಅವರು 2012ರಲ್ಲಿ ಬೇರೊಂದು ವಾದವನ್ನು ಮಂಡಿಸಿದರು: ಪರಸ್ಪರ ಅರಿಯಲಾರದ ಕೊರತೆ ಉಭಯರಿಗೂ ಸೇರಿದ್ದು. ಇದನ್ನೊಪ್ಪಿದರೆ, ಮಗುವನ್ನು ತಿದ್ದುವುದಕ್ಕೆ ಮೊದಲು ಆಟದ ರಚನೆಯನ್ನು ತಿದ್ದಬೇಕಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್ ಅವರು 2004ರಲ್ಲಿ ವಿವರಿಸಿದ ಲೆಗೊ ತುಂಡುಗಳ ಆಟವು ಇದಕ್ಕೆ ದೃಷ್ಟಾಂತ. ಈ ಪದ್ಧತಿಯಲ್ಲಿ ಮೂವರಿಗೆ ಮೂರು ಕೆಲಸಗಳು. ಎಂಜಿನಿಯರನ ಕೈಯಲ್ಲಿ ನಕ್ಷೆ; ಪೂರೈಕೆದಾರನ ಬಳಿ ತುಂಡುಗಳು; ಜೋಡಿಸತಕ್ಕವನು ಮೂರನೆಯವನು. ನಕ್ಷೆಯುಳ್ಳವನಿಗೆ ತುಂಡಿಲ್ಲ, ತುಂಡುಳ್ಳವನಿಗೆ ನಕ್ಷೆಯಿಲ್ಲ. ಒಬ್ಬರನ್ನೊಬ್ಬರು ಕೇಳದೆ ಕಟ್ಟಡವು ಏಳದು. ಹೀಗೆ ಮಾತಿಗೆ ಕಾರಣವನ್ನು ಆಟವೇ ಒದಗಿಸುವುದು. ಕೆಲಸಗಳು ಸರದಿಯಂತೆ ಬದಲಾಗುವುದರಿಂದ ಯಾರೂ ಸದಾ ಆಳಲ್ಲ, ಸದಾ ಅರಸನೂ ಅಲ್ಲ.

ಈ ತತ್ತ್ವಕ್ಕೆ ಬೆಲೆಯುಳ್ಳ ಸಾಮಗ್ರಿಯೇ ಬೇಕೆಂದಿಲ್ಲ. ಸಾಹಿತ್ಯದ ತರಗತಿಯಲ್ಲಿ ಒಂದು ಕಥೆಯ ವಾಕ್ಯಗಳನ್ನು ಬಿಡಿ ಚೀಟಿಗಳಲ್ಲಿ ಬರೆದು ಹೀಗೆಯೇ ಹಂಚಬಹುದು: ಕಥೆಯ ಕ್ರಮವನ್ನು ಚಿತ್ರಗಳಲ್ಲಿ ನೋಡಿ ಹೇಳುವವನೊಬ್ಬ, ಚೀಟಿ ಹುಡುಕುವವನೊಬ್ಬ, ಸಾಲಾಗಿ ಇಡುವವನೊಬ್ಬ. ಉಪಾಧ್ಯಾಯರು ಗಮನಿಸತಕ್ಕ ಅಂಶಗಳು ಕೆಲವುಂಟು. ತಂಡ ಚಿಕ್ಕದಿರಲಿ, ನಿಯಮಗಳನ್ನೂ ಮುಗಿಯುವ ವೇಳೆಯನ್ನೂ ಮೊದಲೇ ತಿಳಿಸಲಿ, ನುಡಿಯದ ಮಗುವು ಚಿತ್ರವನ್ನು ತೋರಿಸಿ ಕೇಳಲಿ, ದಣಿದಾಗ ಎದ್ದುಹೋಗಿ ಮರಳುವ ಸ್ವಾತಂತ್ರ್ಯವಿರಲಿ.

ಇಂತಹ ಆಟದ ಸಾಫಲ್ಯವನ್ನು, ಸ್ವಲೀನ ಮಗುವು ಇತರರಂತೆ ತೋರಿತೇ ಎಂಬುದರಿಂದ ಅಳೆಯಲಾಗದು. ಅದು ಇಲ್ಲದಿದ್ದರೆ ಆಟ ನಿಲ್ಲುತ್ತಿತ್ತು ಎಂಬುದನ್ನು ಜತೆಗಾರರು ಕಂಡುಕೊಂಡರೇ ಎಂಬುದೇ ಸರಿಯಾದ ಅಳತೆಗೋಲು.