ಮುರು ಮೀನನ್ನು ತಿಳಿಯೋಣ



ಮೀನು ಮಾರುವ ನಮ್ಮ ಸಂಘದವರಿಗೆ ಮುರು ಮೀನು ಗೊತ್ತಿದ್ದದ್ದೇ. ಕೊಂಕಣಿಯಲ್ಲಿ ಗೊಬ್ರೊ ಅಂತಾರೆ. ದಪ್ಪ ಮೈ, ಅಗಲ ಬಾಯಿ, ಮುಂದೆ ಚಾಚಿದ ಕೆಳದವಡೆ, ದುಂಡನೆಯ ಬಾಲ ಇದರ ಗುರುತು. ಕೆಂಬೇರಿಯ ಬಾಲ ಹೀಗೆ ದುಂಡಗಿರೋದಿಲ್ಲ.

ನೇತ್ರಾಣಿಯಂಥ ದ್ವೀಪಗಳ ಸುತ್ತ, ಸಮುದ್ರದ ತಳದ ಕಲ್ಲುಸಂದಿಗಳಲ್ಲಿ ಇದರ ವಾಸ. ಅಡಗಿ ಕುಳಿತು ಏಡಿ, ಸಿಗಡಿ, ಸಣ್ಣ ಮೀನುಗಳನ್ನು ನುಂಗುತ್ತದೆ.

ಇದರಲ್ಲೊಂದು ವಿಶೇಷವಿದೆ. ಹೆಚ್ಚಿನ ಜಾತಿಯ ಮುರು ಮೀನುಗಳು ಮೊದಲು ಹೆಣ್ಣಾಗಿರುತ್ತವೆ. ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಮರಿಗಳನ್ನೇ ಹಿಡಿದರೆ ಮೊಟ್ಟೆಯಿಡುವ ತಾಯಿಯೂ ಇಲ್ಲ, ಮುಂದೆ ಗಂಡೂ ಇಲ್ಲ. ನಾಳೆ ನಮ್ಮ ಬುಟ್ಟಿಯೇ ಖಾಲಿ!

ಆದ್ದರಿಂದ ಮರಿ ಮುರು ಕೊಳ್ಳುವುದು ಬೇಡ. ಮುಂದಿನ ಸಭೆಯಲ್ಲಿ ಚರ್ಚಿಸಿ, ದೋಣಿಗೆ ಹೋಗುವ ಮನೆಯವರಿಗೂ ತಿಳಿಸೋಣ.